ಭೂಮಿ ಉಳಿಸಲು ಹೊರಟ ಭಾನುವಾರಗಳು

ಜನರನ್ನು ಸೇರಿಸಲು ಹೊರಟರೆ ಜನ ಸೇರುತ್ತಾರೋ ಇಲ್ಲವೋ, ಇಂಥ ಪ್ರಸಂಗಗಳಂತೂ ತಾವಾಗಿಯೇ ಬಂದು ಸೇರುತ್ತವೆ. ಆಗ ನಾನು ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. ಭೂಮಿ ಬಿಸಿಯಾಗುತ್ತಿದೆ ಎಂದು ಪೇಪರಿನಲ್ಲಿ ಓದಿ ಓದಿ, ಘೋಷಣೆ ಕೂಗಿ ಅಭ್ಯಾಸವಿಲ್ಲದ ನಮ್ಮಂಥವರದೇ ಒಂದು ಗುಂಪು ಕಟ್ಟಬೇಕೆಂಬ ಕನಸು ಹತ್ತಿಕೊಂಡಿತು. ಜೊತೆಗೆ ಸಿಕ್ಕವರು ಒಬ್ಬರೇ, ಪಕ್ಕದ ಫ್ಲ್ಯಾಟಿನ ನಿವೃತ್ತ ಟೀಚರಮ್ಮ.

ಯಾವ ಸರ್ವೆ ನಂಬರು?

"ಭೂಮಿ ಉಳಿಸೋಣ, ಬನ್ನಿ" ಎಂದು ಅಚ್ಚು ಹಾಕಿಸಿ ಹತ್ತಿರದ ಹೂಡಿ ಊರಲ್ಲೆಲ್ಲ ಚೀಟಿ ಹಂಚಿದೆವು. ಭಾನುವಾರ ಸಂಜೆ, ಹೂವು ಸದ್ದಿಲ್ಲದೆ ಉದುರುತ್ತಿದ್ದ ಹೊಂಗೆಮರದ ಕೆಳಗೆ ನಾಲ್ಕು ಜನ ಬಂದರೆ ಸಾಕು ಅಂದುಕೊಂಡಿದ್ದೆ. ನಲವತ್ತು ಜನ ಬಂದರು! ಎಲ್ಲ ಊರಿನ ಹಳೇ ಮನೆತನದವರು. ಎಲ್ಲರ ಕಂಕುಳಲ್ಲೂ ಒಂದೊಂದು ಫೈಲು. ನನಗೆ ಕಣ್ಣು ತುಂಬಿ ಬಂತು. ಹಿಮ ಕರಗುವುದು, ಸಮುದ್ರ ಉಕ್ಕುವುದು ಎಲ್ಲ ಅರ್ಧ ಗಂಟೆ ಹೇಳಿದೆ.

ಮುಂದೆ ಕೂತಿದ್ದ ಗೌಡರು ಫೈಲಿನಿಂದ ಪಹಣಿ ತೆಗೆದು, "ಅದೆಲ್ಲಾ ಇರ್ಲಿ ಸಾರ್. ಯಾವ ಸರ್ವೆ ನಂಬರಿಗೆ ನೋಟೀಸ್ ಬಂದೈತೆ, ಅದೇಳಿ" ಅಂದರು.

"ಇಡೀ ಭೂಮಿಗೇ ಬಂದಿದೆ ಗೌಡ್ರೇ."

ಅವರು ನೆಮ್ಮದಿಯಿಂದ ಎದ್ದು ಪಂಚೆ ಕೊಡವಿಕೊಂಡರು. "ಎಲ್ಲಾರ್ದೂ ಓಯ್ತದೆ ಅಂದ್ರೆ ಪರವಾಗಿಲ್ಲ ಬುಡಿ. ನಮ್ದೊಂದೇ ಏನೋ ಅಂದ್ಕೊಂಡು ಎದ್ರಿಬಿಟ್ಟಿದ್ದೆ!"

ಏನು ಕಡಿಮೆ ಮಾಡ್ತೀರಿ?

ಸಭೆ ಬೇಡವೆಂದು ಮನೆಮನೆಗೆ ಹೋಗತೊಡಗಿದೆವು. ದೊಡ್ಡನೆಕ್ಕುಂದಿಯ ಶೀಟಿನ ಮನೆಗಳ ಸಾಲಿನಲ್ಲಿ, ಕಿಟಕಿಯಿಲ್ಲದ ಒಂದೇ ಕೋಣೆ. ಕಟ್ಟಡ ಕೆಲಸದ ರಾಯಚೂರಿನಾಕೆ ಚಾಪೆ ಹಾಸಿ ನಮ್ಮನ್ನು ಕೂರಿಸಿ, ಬಾಗಿಲು ಮುಂದೆ ಮಾಡಿ, ಗಂಭೀರವಾಗಿ ಎದುರು ಕೂತಳು. ಟೀಚರಮ್ಮ ಫಾರಂ ತೆಗೆದು ಕೇಳಿದರು, "ನಿಮ್ಮನೇಲಿ ಕರೆಂಟು ಏನೇನು ಕಡಿಮೆ ಮಾಡಬಹುದಮ್ಮಾ?"

ಆಕೆ ಸುತ್ತ ನೋಡಿದಳು. ಬಹಳ ಯೋಚಿಸಿದಳು. "ಇರೋದು ಒಂದ ಬಲ್ಬ್ ರೀ ಅಕ್ಕಾರ. ತಡೀರಿ, ನಿಮ್ಮ ಮಾತ್ಯಾಕ ತೆಗೆದು ಹಾಕಬೇಕು" ಎಂದು ಎದ್ದು ಸ್ವಿಚ್ ಒತ್ತಿದಳು. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಪುಣ್ಯಕ್ಕೆ ಏನೂ ಕಾಣುತ್ತಿರಲಿಲ್ಲ. ಕತ್ತಲೊಳಗಿಂದ ಆಕೆಯ ದನಿ ಮಾತ್ರ ಬಂತು: "ಹಾಂ, ಈಗ ಬರಕೋರಿ."

ಇನ್ನೊಂದು ಹಾಕ್ಲಾ?

ವರ್ಷ ಕಳೆದ ಮೇಲೆ ನಮ್ಮ ಅಪಾರ್ಟ್‌ಮೆಂಟಿನವರು ಒಪ್ಪಿದರು: ಒಂದು ಭಾನುವಾರ ಸಂಜೆ ಏಳರಿಂದ ಎಂಟರವರೆಗೆ ಎಲ್ಲರೂ ದೀಪ ಆರಿಸುವುದು. ಟೆರೇಸಿಗೆ ಹೋದೆವು. ಲಿಫ್ಟಿನಲ್ಲಿ ಮುಖ ತಿರುಗಿಸುತ್ತಿದ್ದವರೆಲ್ಲ ಒಂದೇ ಜಮಖಾನದ ಮೇಲೆ ಕೂತರು. ತಲೆಯ ಮೇಲೆ ಅಷ್ಟೊಂದು ನಕ್ಷತ್ರಗಳಿದ್ದದ್ದೇ ನಮಗೆ ಮರೆತುಹೋಗಿತ್ತು. ಯಾರೋ ಮೆಲ್ಲಗೆ ಹಾಡತೊಡಗಿದರು. ಇದೇ, ನಾನು ಕಂಡ ಕನಸು ಇದೇ, ಅನ್ನಿಸಿತು.

ಅಷ್ಟರಲ್ಲಿ ಕೆಳಗಿನಿಂದ ಗಡಗಡ ಸದ್ದು! ಡೀಸೆಲ್ ಹೊಗೆ ಎದ್ದು ಸಪ್ತರ್ಷಿ ಮಂಡಲವನ್ನೇ ನುಂಗಿತು. ನಾಲ್ಕು ಮಹಡಿ ಇಳಿದು ಓಡಿದೆ. ರಜೆ ಮುಗಿಸಿ ಆ ಸಂಜೆಯಷ್ಟೇ ಬಂದಿದ್ದ ಜನರೇಟರ್ ಆಪರೇಟರಿಗೆ ಯಾರೂ ವಿಷಯ ಹೇಳಿರಲಿಲ್ಲ. ಬೆವರು ಸುರಿಸುತ್ತ ನಿಂತಿದ್ದ.

"ಯಾಕಣ್ಣಾ ಹಾಕ್ದೆ?"

"ಇಡೀ ಬಿಲ್ಡಿಂಗೇ ಕತ್ಲು ಸಾರ್! ಹಾಕಿ ಆಗ್ಲೇ ಎರಡ್ ನಿಮಿಷ ಆಯ್ತು, ಒಂದ್ ಮನೇಲೂ ಲೈಟ್ ಬರ್ತಿಲ್ಲ. ಲೋಡ್ ತಡೀತಿಲ್ಲ ಅನ್ಸುತ್ತೆ. ನೀವೇನೂ ಯೋಚ್ನೆ ಮಾಡ್ಬೇಡಿ, ದೊಡ್ಡದನ್ನೂ ಹಾಕ್ಬಿಡ್ತೀನಿ!"