ಅತ್ತೆ ಎಂ.ಎ. ಓದಿದ್ದು

ನಮ್ಮ ಸೋದರತ್ತೆಗೆ, ಅಂದರೆ ಅಪ್ಪನ ಒಬ್ಬಳೇ ತಂಗಿಗೆ, ಸಿಟ್ಟು ಬರುವುದೇ ಇಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಬರಬೇಕಾದರೆ ಅದು ಮೊದಲು ಹೋಗಬೇಕಲ್ಲ! ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ಲಿಂಗರಾಜಪುರದ ಮನೆಯಲ್ಲಿ ಕೂತು ರಸ್ತೆಗುಂಡಿ, ಕಸದ ಗಾಡಿ, ಬಾರದ ನಲ್ಲಿನೀರು ಇವನ್ನೆಲ್ಲ ಬೈದುಕೊಂಡಿದ್ದಳು. ಅಷ್ಟು ಕೋಪಕ್ಕೆ ಒಂದು ಬಡಾವಣೆ ಎಲ್ಲಿ ಸಾಲುತ್ತದೆ? ಇಡೀ ವಿಶ್ವವಿದ್ಯಾಲಯವೇ ಬೇಕಾಯಿತು. ಅರವತ್ತೆರಡನೆಯ ವಯಸ್ಸಿನಲ್ಲಿ ಇತಿಹಾಸ ಎಂ.ಎ.ಗೆ ಸೇರಿಬಿಟ್ಟಳು. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಸರ್ಕಾರದ್ದು, ಹಳೆಯದು, ಅಷ್ಟು ಸಾಕು.

ಪ್ರವೇಶದ ದಿನ ಜೊತೆಗೆ ಹೋದವನು ನಾನು. ಗುಮಾಸ್ತರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, "ಪೇರೆಂಟ್ಸ್ ಎಲ್ಲಾ ಆಚೆ ನಿಂತ್ಕೊಳ್ಳಿ" ಎಂದು ಅರ್ಜಿಗಾಗಿ ನನ್ನ ಕಡೆ ಕೈ ಚಾಚಿದರು. ನಲವತ್ತು ದಾಟಿದ, ಅರ್ಧ ತಲೆ ಬೋಳಾದ ನನ್ನ ಕಡೆ!

"ಸ್ಟೂಡೆಂಟ್ ನಾನ್ರೀ! ಇವನು ಬ್ಯಾಗ್ ಹಿಡ್ಕೊಳ್ಳೋಕೆ ಬಂದಿರೋನು" ಎಂದಳು ಅತ್ತೆ.

ಅವರು ಅರ್ಜಿ ತಿರುವಿ, "ಪೋಷಕರ ಸಹಿ ಎಲ್ಲಿ?" ಎಂದರು.

"ನಮ್ಮಪ್ಪ ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು."

"ಇರ್ಬೋದು ಮೇಡಂ. ಆದ್ರೆ ಆ ಕಾಲಮ್ ಖಾಲಿ ಬಿಡೋ ಹಾಗಿಲ್ಲ. ಯಾರದ್ದಾದ್ರೂ ಹಾಕ್ಸಿ."

ಕೊನೆಗೆ ನಾನು ಹಾಕಿದೆ. ನನ್ನ ತೊಟ್ಟಿಲು ತೂಗಿದವಳಿಗೆ ನಾನು ಪೋಷಕ! ಸಂಬಂಧ: ಸೋದರಳಿಯ. ವಿದ್ಯಾರ್ಥಿಯ ನಡತೆಗೆ ಜವಾಬ್ದಾರ: ನಾನೇ. ಇಂಥ ದುಡುಕಿನ ಸಹಿಯನ್ನು ಈ ಊರಿನಲ್ಲಿ ಇನ್ಯಾರಾದರೂ ಹಾಕಿದ್ದಾರೆಯೇ?

ಒಂದು ತಿಂಗಳಾಗಿರಲಿಲ್ಲ. ಗರುಡಾಚಾರ್‌ಪಾಳ್ಯದ ನನ್ನ ಆಫೀಸಿಗೆ ವಿಭಾಗದ ಮುಖ್ಯಸ್ಥರ ಫೋನು ಬಂತು. "ನಿಮ್ಮ ವಿದ್ಯಾರ್ಥಿನಿ ಮೇಲೆ ಕಂಪ್ಲೇಂಟ್ ಇದೆ. ಸ್ವಲ್ಪ ಬಂದು ಹೋಗಿ."

ಆದದ್ದಿಷ್ಟು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಗದರಿದ ಮೇಷ್ಟರೇ ವಾರದಲ್ಲಿ ಎರಡು ದಿನ ನಾಪತ್ತೆ. ಅತ್ತೆ ಸುಮ್ಮನಿರುತ್ತಾಳೆಯೇ? ನೋಟುಬುಕ್ಕಿನಲ್ಲಿ ಗೆರೆ ಎಳೆದು ಮೇಷ್ಟರ ಹಾಜರಿ ಹಾಕತೊಡಗಿದಳು. ತಿಂಗಳ ಕೊನೆಗೆ ತುಂಬಿದ ತರಗತಿಯಲ್ಲಿ ಎದ್ದು ನಿಂತು, "ಸರ್, ನಿಮಗೆ ಅಟೆಂಡೆನ್ಸ್ ಶಾರ್ಟೇಜ್ ಇದೆ. ಹೀಗಾದ್ರೆ ನಿಮ್ಮನ್ನ ಪರೀಕ್ಷೆಗೆ ಕೂರ್ಸೋಕಾಗಲ್ಲ" ಎಂದು ಪ್ರಕಟಿಸಿದಳಂತೆ.

ನಾನು ಕೈ ಮುಗಿದು ಕ್ಷಮೆ ಕೇಳಿ ಹೊರಗೆ ಬಂದೆ. ಕ್ಯಾಂಟೀನಿನಲ್ಲಿ ಅತ್ತೆಯ ಮಂಗಳಾರತಿ ನನಗೇ ಕಾದಿತ್ತು. "ನೀನ್ಯಾಕೋ ಸಾರಿ ಕೇಳಿದ್ದು? ಬೆನ್ನುಮೂಳೆ ಇಲ್ದೋನೆ!" ಎಂದು ಶುರು ಮಾಡಿ, ಅದೇ ಉಸಿರಿನಲ್ಲಿ ಸಾಂಬಾರಿಗೆ ಬೇಳೆ ತೋರಿಸಿಯೇ ಇಲ್ಲವೆಂದು ಅಡುಗೆಯವರನ್ನೂ ಮುಗಿಸಿದಳು. ಮೊದಲ ವಾರ ಅವಳನ್ನು 'ಆಂಟಿ' ಎಂದು ಕರೆದು ಬೈಸಿಕೊಂಡಿದ್ದ ಸಹಪಾಠಿಗಳು ಈಗ 'ಅಕ್ಕಾ' ಎನ್ನುತ್ತಾ ಸುತ್ತ ನೆರೆದಿದ್ದರು. ಹಾಸ್ಟೆಲಿನಲ್ಲಿ ನೀರಿಲ್ಲ ಅಕ್ಕಾ, ಅಂಕಪಟ್ಟಿ ಬಂದಿಲ್ಲ ಅಕ್ಕಾ, ಲೈಬ್ರರಿಯ ಫ್ಯಾನು ತಿರುಗುವುದಿಲ್ಲ ಅಕ್ಕಾ! ಒಂದು ಜೀವಕ್ಕೆ ಇದಕ್ಕಿಂತ ಸುಖ ಬೇಕೆ?

ಎರಡನೆಯ ವರ್ಷ ಕಿರು ಸಂಶೋಧನೆಗೆ ಅವಳು ಆರಿಸಿಕೊಂಡದ್ದು ಆ ವಿಶ್ವವಿದ್ಯಾಲಯದ ಚರಿತ್ರೆಯನ್ನೇ. ಹಳೆಯ ಪ್ರವೇಶ ರಿಜಿಸ್ಟರುಗಳನ್ನು ಕೇಳಲು ಹೋದರೆ, "ಅಯ್ಯೋ, ನಿನ್ನೆ ತಾನೇ ಗುಜರಿಗೆ ಹಾಕಿದ್ವಲ್ಲ ಮೇಡಂ! ರೂಮ್ ಖಾಲಿ ಮಾಡ್ಬೇಕಿತ್ತು" ಎಂಬ ಉತ್ತರ ಬಂತು.

ಈ ಸಲ ನನಗೂ ಮೈ ಉರಿಯಿತು. ತರಗತಿಯಲ್ಲಿ 'ದಾಖಲೆ ಇಲ್ಲದೆ ಚರಿತ್ರೆ ಇಲ್ಲ' ಎಂಬ ಪಾಠ. ಹಿಂಬಾಗಿಲಿನಲ್ಲಿ ದಾಖಲೆಗಳೆಲ್ಲ ಟೆಂಪೋಗೆ! ಎಲ್ಲೆಲ್ಲಿಂದಲೋ ಟ್ರಂಕು ಹೊತ್ತು ಬಂದವರ, ವಂಶದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರ ಹೆಸರುಗಳು ಬೋಂಡಾ ಕಟ್ಟಲು ಹೋಗಬೇಕೆ?

ವಿಳಾಸ ಹಿಡಿದು ಶಿವಾಜಿನಗರಕ್ಕೆ ಹೋದೆವು. ಗುಜರಿ ಅಂಗಡಿಯ ಸಾಹೇಬರು ಅತ್ತೆಯ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿ, ಒಂದು ಸ್ಟೂಲು ಮುಂದಕ್ಕೆ ತಳ್ಳಿದರು.

"ಅಮ್ಮಾ, ನಾನೇನ್ ಕದ್ದಿಲ್ಲ. ನಿಮ್ಮೋರೇ ತುಂಬ್ಸಿ ಕಳ್ಸಿದ್ದು. ಇಷ್ಟು ಬೈಗುಳ ನಮ್ಮ ಅಮ್ಮೀ ಹತ್ರಾನೂ ತಿಂದಿಲ್ಲ ನಾನು. ಕೂತ್ಕೊಳ್ಳಿ, ಚಾಯ್ ಕುಡೀರಿ. ನಿಮಗೆ ಬೇಕಾಗಿದ್ದು ಆರಿಸ್ಕೊಂಡು ಹೋಗಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ರದ್ದಿಯ ಗುಡ್ಡಕ್ಕೆ ಇಳಿದಳು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ರಿಜಿಸ್ಟರು ಸಿಕ್ಕವು. ಆಟೋದಲ್ಲಿ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಮರಳಿಸಲು ಹೋದರೆ, ಅಧಿಕಾರಿಗಳು ಮುಟ್ಟಲೂ ಇಲ್ಲ.

"ಇವು ವಿಲೇವಾರಿ ಆಗಿದೆ ಅಂತ ಫೈಲಲ್ಲಿ ಬರೆದಾಗಿದೆ ಮೇಡಂ. ಇಲ್ಲದೇ ಇರೋ ವಸ್ತೂನ ನಾವು ಹೇಗೆ ವಾಪಸ್ ತಗೊಳ್ಳೋದು?"

ಇಲ್ಲದೇ ಇರುವ ವಸ್ತುವಿನ ಧೂಳಿಗೆ ಅವರು ಎರಡು ಸಲ ಸೀನಿದ್ದನ್ನು ನಾನೇ ನೋಡಿದ್ದೇನೆ!

ಹೀಗೆ ಚರಿತ್ರೆ ಲಿಂಗರಾಜಪುರದ ಊಟದ ಮೇಜಿನ ಮೇಲೆ ಬಂದು ಕೂತಿತು. ಅತ್ತೆ ದಿನವೂ ಪುಟ ಪುಟ ಓದಿ ಟಿಪ್ಪಣಿ ಮಾಡತೊಡಗಿದಳು. ಒಂದು ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ, ಒಂದು ರಿಜಿಸ್ಟರನ್ನು ಎದೆಗವಚಿಕೊಂಡು ಕೆ.ಆರ್. ಪುರದ ನಮ್ಮ ಮನೆಗೆ ಬಂದಳು. ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದ ಅಪ್ಪ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಿ.ಎ. ಆದಮೇಲೆ ಯಾಕೆ ಓದಲಿಲ್ಲವೆಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: "ತಲೆಗೆ ಹತ್ತಲಿಲ್ಲಪ್ಪ."

ಅತ್ತೆ ರಿಜಿಸ್ಟರು ಬಿಚ್ಚಿ ಅವರ ಮುಂದಿಟ್ಟಳು. ಇತಿಹಾಸ ಎಂ.ಎ., ಅಪ್ಪನ ಹೆಸರು. ಸೇರಿದ ಮೂರೇ ತಿಂಗಳಿಗೆ ಬಿಟ್ಟಿದ್ದಾರೆ. ಬಿಟ್ಟ ಕಾರಣದ ಜಾಗದಲ್ಲಿ ಅವರದೇ ಕೈಬರಹ: 'ಕೆಲಸ ಸಿಕ್ಕಿದೆ. ತಂಗಿಯನ್ನು ಕಾಲೇಜಿಗೆ ಸೇರಿಸಬೇಕಾಗಿದೆ.'

"ಯಾಕಣ್ಣ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ನೀನು ಜಗಳ ತೆಗೀತಿದ್ದೆ. ಕಾಲೇಜಿಗೆ ಹೋಗ್ತಾನೇ ಇರ್ಲಿಲ್ಲ."

ಅತ್ತೆ ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಪಂಚೆಗೆ ಕೈ ಒರೆಸಿಕೊಂಡು ರಿಜಿಸ್ಟರನ್ನು ತೊಡೆಯ ಮೇಲೆ ಎಳೆದುಕೊಂಡರು. ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ನನ್ನ ಅಕ್ಷರ ಇಷ್ಟು ದುಂಡಗಿತ್ತೇನೇ?" ಎಂದರು.

"ಇತ್ತು ಅಣ್ಣ" ಎಂದ ಅತ್ತೆ, ಅವರೆಕಾಯಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.