ಸದ್ದಿಲ್ಲದೆ ಬಂದ ಅಳಿಯ

ಮನೆಯಳಿಯನಾದವನಿಗೆ ಲೋಕದಲ್ಲಿ ಸ್ವಂತದ್ದು ಅನ್ನುವುದು ಬಹಳ ಕಡಿಮೆ. ಕೂರುವ ಕುರ್ಚಿ ಮಾವನದು, ಮುಖ ನೋಡಿಕೊಳ್ಳುವ ಕನ್ನಡಿ ಮಾವನದು, ಬಚ್ಚಲಿನ ಚಿಲಕವೂ ಮಾವ ಕೈಯಾರೆ ಹಾಕಿದ್ದು. ಅದು ಸಿಕ್ಕಿಕೊಂಡು ಅರ್ಧ ದಿನ ಒಳಗೇ ಉಳಿದರೂ ಚಿಲಕವನ್ನು ಬೈಯುವಂತಿಲ್ಲ. ನಮ್ಮ ಈ ಅಳಿಯನಿಗೆ ಇವೆಲ್ಲದರ ಜೊತೆಗೆ ಮಾವನ ವ್ಯಾನೂ ಬಳುವಳಿಯಾಗಿ ಬಂದಿತ್ತು. ಮಾವ ತೀರಿಕೊಂಡು ವರ್ಷವಾಗುತ್ತ ಬಂದರೂ ವ್ಯಾನು ಮಾತ್ರ ತೀರಿಕೊಳ್ಳುವ ಲಕ್ಷಣ ತೋರಿಸಿರಲಿಲ್ಲ.

ಅದು ಲಾಂಡ್ರಿ ವ್ಯಾನು. ಲಾಡ್ಜುಗಳಿಂದ, ನರ್ಸಿಂಗ್ ಹೋಮುಗಳಿಂದ ಕೊಳೆಯಾದ ಬೆಡ್‌ಶೀಟು, ದಿಂಬಿನ ಕವರು ತಂದು, ಒಗೆಸಿ, ಇಸ್ತ್ರಿ ಮಾಡಿಸಿ ವಾಪಸು ಮುಟ್ಟಿಸುವುದು ಅದರ ಕಾಯಕ. ಮಾವ ಬದುಕಿಡೀ ಇದನ್ನೇ ಮಾಡಿದ್ದರು, ಈಗ ಅಳಿಯ ಮಾಡುತ್ತಿದ್ದ. ಕಷ್ಟವೇನೆಂದರೆ ಬೆಳಗ್ಗೆ ಬೆಳ್ಳಗೆ ಹೊರಟ ಶೀಟು ಲಾಡ್ಜು ತಲುಪುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ವ್ಯಾನು ಅಷ್ಟು ಹೊಗೆ ಕಾರುತ್ತಿತ್ತು. "ಇವು ಒಗೆದು ತಂದವಾ, ಒಗೆಯೋಕೆ ತಗೊಂಡು ಹೋಗೋವಾ?" ಎಂದು ಲಾಡ್ಜಿನ ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದು ಕೇಳಿದ ದಿನ ಅಳಿಯ ಮಹಾಶಯನಿಗೆ ಜ್ಞಾನೋದಯವಾಯಿತು. ಪಂಪು ಬದಲಾಯಿಸಬೇಕು.

ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆಯನ್ನು ಹಿಂಡಿ, ಹೊತ್ತು ನೋಡಿ, ಒಂದೊಂದೇ ಸಿಲಿಂಡರಿಗೆ ಚಿಮ್ಮಿಸುವುದು ಪಂಪಿನ ಕೆಲಸ. ಹೊತ್ತು ತಪ್ಪಿದರೆ ಇಂಜಿನ್ನು ಬಡಿಯುತ್ತದೆ, ಕೆಮ್ಮುತ್ತದೆ, ಹೊಗೆ ಬಿಡುತ್ತದೆ. ಮಾವನ ಪಂಪಿಗೆ ವಯಸ್ಸಾಗಿ ಹೊತ್ತುಗೊತ್ತು ಮರೆತುಹೋಗಿತ್ತು. ಪಾಪ, ಅದನ್ನೇನೂ ಬೈಯುವ ಹಾಗಿಲ್ಲ.

"ಗಾಡಿ ಓಡ್ತಾ ಇದೆ ತಾನೇ? ಬಿಡಿ" ಎಂದಳು ಹೆಂಡತಿ.

"ಹೊಗೆ ನೋಡಿದೀಯಾ?"

"ಹೊಗೆಗೆ ಮೆಕ್ಯಾನಿಕ್ ಇದಾನೆ. ನೀವು ಕೈ ಹಾಕಬೇಡಿ ಅಷ್ಟೆ."

(ಈ ಮಾತಿನ ಹಿಂದೆ ಒಂದು ದೊಡ್ಡ ಇತಿಹಾಸವಿದೆ. ಅಳಿಯ ಕೈ ಹಾಕಿದ ಮಿಕ್ಸಿ ಈಗ ಹಿಂದಕ್ಕೆ ತಿರುಗುತ್ತದೆ. ಅವನು ರಿಪೇರಿ ಮಾಡಿದ ನಲ್ಲಿಯನ್ನು ಮುಚ್ಚಿದರೆ ಪಕ್ಕದ ನಲ್ಲಿ ತೆರೆದುಕೊಳ್ಳುತ್ತದೆ. ಗೋಡೆ ಗಡಿಯಾರದ ವಿಷಯ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.)

ಆದರೆ ಅವನ ಮನಸ್ಸಿನಲ್ಲಿ ಹೊಗೆಗಿಂತ ದೊಡ್ಡದೊಂದು ಕಾರಣವಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಬೀದಿ ಬದಿಯ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಮಾವ ಹೋದ ಮೇಲೆ ಅವರ ಕಾಲು ಸೋತಿತು, ಕಣ್ಣು ಮಂಜಾಯಿತು, ನೆನಪು ಒಂದೊಂದಾಗಿ ಕಳಚಿಕೊಂಡಿತು. ದಿನಾ ಸಂಜೆ ಅವರ ಕಿಟಕಿಯ ಕೆಳಗೇ ಆ ವ್ಯಾನು ಗಡಗಡ ಅನ್ನುತ್ತ ಬಂದು, ನಿಲ್ಲುವ ಮುಂಚೆ ಇಡೀ ಮೈ ಒದರಿಕೊಂಡು ಢಬ್ ಅನ್ನುತ್ತಿತ್ತು. ಮುದುಕಿಯ ಎದೆ ನಡುಗುವುದಿಲ್ಲವೇ? ಸದ್ದಡಗಿದರೆ ಅವರಿಗೆ ಒಂದಿಷ್ಟು ನೆಮ್ಮದಿ ಸಿಗುತ್ತದೆ ಅಂದುಕೊಂಡ. ಮಗನಿಲ್ಲದ ಮನೆಯಲ್ಲಿ ಮಗನ ಹಾಗೆ ಒಂದಾದರೂ ಕೆಲಸ ಮಾಡಬೇಕೆಂಬ ಆಸೆ ಅವನಿಗಿತ್ತು.

ಡೀಸೆಲ್ ಪಂಪು ರಿಪೇರಿಯ ಮೇಸ್ತ್ರಿ ಹಳೆಯದನ್ನು ಬದಲಿಗೆ ತೆಗೆದುಕೊಂಡು, ಅದಕ್ಕಿಂತ ದೊಡ್ಡ, ಹೆಚ್ಚು ಒತ್ತಡದ ಪಂಪು ಕೊಡಲು ಒಪ್ಪಿದ. "ಫಿಟ್ಟಿಂಗಿಗೆ ನಾನೇ ಬರ್ತೀನಿ ಸಾರ್, ಟೈಮಿಂಗ್ ಕೂಡಿಸೋದು ಸ್ವಲ್ಪ ಸೂಕ್ಷ್ಮ" ಎಂದ.

"ಸೂಕ್ಷ್ಮದ ಕೆಲಸ ನನಗೆ ಬಿಡಿ" ಎಂದ ಅಳಿಯ. ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಂಪನ್ನು ಗೋಣಿಯಲ್ಲಿ ಸುತ್ತಿಕೊಟ್ಟ.

ರಜೆಯ ದಿನ ಶಸ್ತ್ರಚಿಕಿತ್ಸೆ ಆರಂಭವಾಯಿತು. ಪೈಪು ಬಿಚ್ಚಿದ, ಹಳೆಯದನ್ನು ಇಳಿಸಿದ, ಹೊಸದನ್ನು ಏರಿಸಿದ, ಗಿಯರಿನ ಗುರುತಿಗೆ ಗುರುತು ಕೂಡಿಸಿದ, ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟ, ಮನಸ್ಸಿನಲ್ಲೇ ಜಯಘೋಷ ಮಾಡಿ ಕೀಲಿ ತಿರುಗಿಸಿದ. ಇಂಜಿನ್ನು ಹೊತ್ತಿಕೊಳ್ಳಲಿಲ್ಲ. ಬದಲಿಗೆ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಹೊರಟು ಬೀದಿಯೆಲ್ಲ ತುಂಬಿತು. ಎದುರು ಮನೆಯ ಟೈಲರು ಮಕ್ಕಳನ್ನು ಒಳಗೆ ಕರೆದು ಕಿಟಕಿ ಹಾಕಿಕೊಂಡು, ಆಮೇಲೆ ಸಂದಿಯಿಂದ ತಲೆ ಹಾಕಿ, "ಬಹಳ ಉಪಕಾರವಾಯ್ತು. ಸೊಳ್ಳೆ ಹೊಗೆಯವರು ಈ ಬೀದಿಗೆ ಬಂದೇ ಇರ್ಲಿಲ್ಲ" ಎಂದ.

ತಪ್ಪು ಸಣ್ಣದೇ. ಪಿಸ್ಟನ್ನು ಮೇಲಕ್ಕೆ ಬರುವುದು ಎರಡು ಸಲ. ಒಮ್ಮೆ ಗಾಳಿಯನ್ನು ಒತ್ತಲು, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರಗೆ ತಳ್ಳಲು. ಅಳಿಯ ಹೊಗೆ ತಳ್ಳುವ ಗಳಿಗೆಗೆ ಗುರುತು ಕೂಡಿಸಿದ್ದ. ಊಟ ಮುಗಿಸಿ ಹೊರಡುತ್ತಿರುವ ನೆಂಟರಿಗೆ ಎಲೆ ಹಾಕಿದ ಹಾಗೆ.

ಎರಡನೆಯ ಸಲ ಹೆಂಡತಿಯ ನೆರವು ಬೇಕಾಯಿತು. ಪಂಪಿನ ನೆತ್ತಿಯ ಮೇಲೆ ಬಾಗಿದ ಒಂದು ಸಣ್ಣ ಕೊಳವೆ ಹಾಕಿ, ಇಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತ ಬರಬೇಕು. ಧಾರೆಯಾಗಿ ಬೀಳುವ ಡೀಸೆಲು ಹನಿಯಾಗಿ, ಹನಿಯೂ ನಿಲ್ಲುವ ಕ್ಷಣವೇ ಚಿಮ್ಮುವ ಕ್ಷಣ. ಆ ಹೊತ್ತಿಗೆ ಸರಿಯಾಗಿ ಇಂಜಿನ್ನಿನ ಚಕ್ರದ ಮೇಲಿನ ಗೆರೆ ಪಕ್ಕದ ಗುರುತಿನ ಮುಳ್ಳಿಗೆ ಬಂದು ನಿಲ್ಲಬೇಕು. ಅವಳು ಉದ್ದ ಸ್ಪ್ಯಾನರು ಹಿಡಿದಳು, ಅವನು ಹನಿಗೆ ಕಣ್ಣಿಟ್ಟ.

"ತಿರುಗಿಸು. ಮೆಲ್ಲಗೆ. ಇನ್ನೂ ಮೆಲ್ಲಗೆ."

"ಇದಕ್ಕಿಂತ ಮೆಲ್ಲಗೆ ಅಂದ್ರೆ ನಿಂತೇ ಹೋಗುತ್ತೆ."

"ನಿಲ್ಲಿಸು. ಜಾಸ್ತಿ ಆಯ್ತು. ಸ್ವಲ್ಪ ಹಿಂದಕ್ಕೆ."

"ಹಿಂದಕ್ಕೆ ಅಂದ್ರೆ ನಿಮ್ಮ ಹಿಂದಕ್ಕಾ, ಗಾಡಿ ಹಿಂದಕ್ಕಾ?"

"ನನ್ನನ್ನ ಹಿಂದಕ್ಕೆ ತಿರುಗಿಸೋದು ನಿನಗೆ ಹೊಸದಾ? ಗಾಡಿ ಹಿಂದಕ್ಕೆ."

ಬೈದಾಡುತ್ತ, ಪಂಪಿನ ಮೈಯನ್ನು ಕೂದಲೆಳೆಯಷ್ಟು ಆಚೀಚೆ ಹೊರಳಿಸುತ್ತ ಇರುವಾಗ, ಕೊನೆಗೊಮ್ಮೆ ಹನಿ ಕೊಳವೆಯ ತುದಿಯಲ್ಲಿ ತೂಗಿ ಬೀಳದೆ ನಿಂತಿತು. ಗೆರೆ ಮುಳ್ಳಿನ ಮೇಲಿತ್ತು. ಬೋಲ್ಟು ಬಿಗಿದ. ಕೀಲಿ ತಿರುಗಿಸಿದರೆ ಇಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಹೊಗೆಯಿಲ್ಲ, ಬಡಿತವಿಲ್ಲ. ಬದುಕಿನಲ್ಲಿ ಮೊದಲ ಸಲ ಅಳಿಯ ಕೈ ಹಾಕಿದ ವಸ್ತು ಸರಿಯಾಗಿತ್ತು.

"ಸದ್ದೇ ಇಲ್ವಲ್ಲ" ಎಂದಳು ಹೆಂಡತಿ. ಅವಳ ಮುಖ ಸಣ್ಣದಾಗಿತ್ತು. ಗಂಡ ಗೆದ್ದದ್ದನ್ನು ನಂಬಲು ಆಗುತ್ತಿಲ್ಲ ಪಾಪ ಎಂದುಕೊಂಡ ಅಳಿಯ.

ಮರುದಿನ ಸಂಜೆ ಅವನು ಹಳೆಯ ಪಂಪನ್ನು ಮೇಸ್ತ್ರಿಗೆ ಒಪ್ಪಿಸಿ, ಶೀಟುಗಳನ್ನು ಹಂಚಿ, ಮ್ಯಾನೇಜರನ ಕರವಸ್ತ್ರ ಜೇಬಿನಲ್ಲೇ ಉಳಿದದ್ದನ್ನು ಕಣ್ಣಾರೆ ಕಂಡು, ಮಹಾರಾಜನ ಗತ್ತಿನಲ್ಲಿ ಬಂದು ಕಿಟಕಿಯ ಕೆಳಗೆ ವ್ಯಾನು ನಿಲ್ಲಿಸಿದ. ಯಾರೂ ಬಾಗಿಲು ತೆರೆಯಲಿಲ್ಲ. ಬಡಿದ ಮೇಲೆ ಹೆಂಡತಿ ಬಂದು, "ಯಾವಾಗ ಬಂದ್ರಿ?" ಎಂದಳು. ಒಳಗೆ ಅತ್ತೆ, "ಇನ್ನೂ ಬರಲಿಲ್ವಲ್ಲೇ" ಎನ್ನುತ್ತಿದ್ದರು. ಅಳಿಯನ ಎದೆ ಉಬ್ಬಿತು. ಅಷ್ಟು ನಿಶ್ಶಬ್ದ!

ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ. ತಟ್ಟೆ ಮುಂದೆ ತಂದರೆ ಮುಖ ಹೊರಳಿಸಿ, "ಅವರು ಬರ್ಲಿ" ಎನ್ನುತ್ತಿದ್ದರು. ಹಗಲಿನಲ್ಲೂ ಕಿಟಕಿಯ ಕಡೆಗೇ ಕಿವಿಯಿಟ್ಟು ಮಲಗಿರುತ್ತಿದ್ದರು, ಬಲವಂತ ಮಾಡಿದರೆ ನಾಲ್ಕು ಗುಟುಕು ಹಾಲು ಕುಡಿಯುತ್ತಿದ್ದರು. ಡಾಕ್ಟರು ಬಂದು ನೋಡಿ, "ಹೀಗೇ ಆದ್ರೆ ಹೆಚ್ಚು ದಿನ ತಡೆಯಲ್ಲ" ಎಂದು ಹೋದರು.

"ಯಾರು ಬರಬೇಕಂತೆ?" ಎಂದು ಅಳಿಯ ಹೆಂಡತಿಯನ್ನು ಅಡುಗೆಮನೆಗೆ ಕರೆದು ಕೇಳಿದ.

ಅವಳು ಅಳುವುದಕ್ಕೆ ಶುರುಮಾಡಿದಳು. "ಅಪ್ಪ. ಅಪ್ಪ ಬರೋವರೆಗೂ ಅಮ್ಮ ಯಾವತ್ತು ಊಟ ಮಾಡಿದಾರೆ? ಗಾಡಿ ಸದ್ದು ಕೇಳಿದ ಮೇಲೇ ತಟ್ಟೆ ಇಡೋರು. ಈಗ್ಲೂ ದಿನಾ ನೀವು ಬಂದಾಗ ‘ಬಂದ್ರು’ ಅನ್ನೋರು, ಊಟ ಮಾಡೋರು, ಅವರು ಕೈಕಾಲು ತೊಳೆದು ಬರ್ತಾರೆ ಅಂತ ಕಾಯ್ತಾ ಹಾಗೇ ನಿದ್ದೆ ಹೋಗೋರು. ಒಂದು ಸಲ ಅಪ್ಪ ಇಲ್ಲಮ್ಮ ಅಂತ ಹೇಳಿ ನೋಡ್ದೆ. ಅಪ್ಪ ಆವತ್ತೇ ಹೋದ ಹಾಗೆ ಅತ್ತರು. ಆಮೇಲೆ ಹೇಳೋಕೆ ಹೋಗಲಿಲ್ಲ."

ವ್ಯಾನಿನ ಸದ್ದು ಮನೆಯೊಳಗಿಂದ ಹೇಗೆ ಕೇಳುತ್ತದೆ ಅನ್ನುವುದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸದ್ದು ಬರುವಾಗಲೆಲ್ಲ ಅವನು ಅದರೊಳಗೆ ಕೂತಿರುತ್ತಿದ್ದ.

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀವು ಬಂದ್ರೆ ನಮ್ಮಪ್ಪ ಬಂದ ಹಾಗಾಗುತ್ತೆ, ನೀವು ಬಂದ ಹಾಗಾಗಲ್ಲ ಅಂತನಾ? ಹೊಗೆ ಹೋಗುತ್ತೆ ಅಂದ್ರಿ, ಸರಿ ಅಂದೆ. ಸದ್ದೂ ಹೋಗುತ್ತೆ ಅಂತ ನನಗೇನು ಗೊತ್ತು?" ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಅಮ್ಮನ ಮಾತು ಬಿಡಿ. ಆ ಸದ್ದು ಕೇಳಿದಾಗ ನನಗೂ ಒಂದು ಗಳಿಗೆ ಹಾಗೇ ಅನ್ನಿಸ್ತಿತ್ತು."

ಮಾವನನ್ನು ಆಸ್ಪತ್ರೆಯಿಂದ ಹೊತ್ತು ತಂದವರಲ್ಲಿ ಅಳಿಯನೂ ಒಬ್ಬ. ಈಗ ಎರಡನೆಯ ಸಲ, ಅದೂ ಸ್ಪ್ಯಾನರು ಹಿಡಿದು, ತಾನೇ ಅವರನ್ನು ಕಳಿಸಿಕೊಟ್ಟ ಹಾಗಾಯಿತಲ್ಲ ಅನ್ನಿಸಿತು.

ಮೇಸ್ತ್ರಿಯ ಅಂಗಡಿಗೆ ಓಡಿದ. ಹಳೆಯ ಪಂಪಿನಲ್ಲಿ ಉಪಯೋಗಕ್ಕೆ ಬರುವ ಸಾಮಾನು ತೆಗೆದುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿಯಾಗಿತ್ತು.

"ಹಾಗಾದ್ರೆ ಹೊಸದರ ಟೈಮಿಂಗ್ ಕೆಡಿಸಿಕೊಡಿ" ಎಂದ ಅಳಿಯ.

ಮೇಸ್ತ್ರಿ ಕಿವಿ ಕೆರೆದುಕೊಂಡ. "ಸಾರ್, ಕೆಟ್ಟಿದ್ದನ್ನ ಸರಿ ಮಾಡೋದು ನಮ್ಮ ಕಸುಬು. ಕೆಡಿಸೋ ಕೆಲಸಕ್ಕೆ ನನ್ನ ಹತ್ರ ಜನ ಇಲ್ಲ." ಅಳಿಯನ ಮುಖ ನೋಡಿ, ದನಿ ತಗ್ಗಿಸಿ, "ಪಂಪಿನ ಮೈ ಮುಂದಕ್ಕೆ ಹೊರಳಿಸಿದ್ರೆ ಬೇಗ ಚಿಮ್ಮುತ್ತೆ, ಬಡಿಯುತ್ತೆ. ಜಾಸ್ತಿ ಹೊರಳಿಸಿದ್ರೆ ಪಿಸ್ಟನ್ ಹೋಗುತ್ತೆ. ಆಮೇಲೆ ನನ್ನನ್ನ ಕೇಳಬೇಡಿ" ಎಂದ.

ಮುಟ್ಟಿದ್ದನ್ನೆಲ್ಲ ಕೆಡಿಸುವ ಆ ಕೈಗೆ, ಬೇಕೆಂದಾಗ ಕೆಡಿಸಲು ಬರಲಿಲ್ಲ. ಒಂದು ಸಂಜೆ ವ್ಯಾನು ಹೊಲಿಗೆ ಮಷೀನಿನ ಹಾಗೆ ಟಕಟಕ ಅಂದಿತು. ಅತ್ತೆ ಟೈಲರನ್ನು ವಿಚಾರಿಸಿಕೊಂಡರು. ಇನ್ನೊಂದು ಸಂಜೆ ಹೊಗೆ ಬಂತು, ಬಡಿತ ಬರಲಿಲ್ಲ. ಮಾವನ ಹಾಗೆ ಬಾಗಿಲಲ್ಲಿ ಕೆಮ್ಮಿ ನೋಡಿದ. ಅತ್ತೆ ಒಳಗಿನಿಂದಲೇ, "ಅಳಿಯಂದಿರಿಗೆ ನೆಗಡಿಯಾಗಿದೆ, ಬಿಸಿನೀರು ಕೊಡೇ" ಎಂದರು. ದಿನದಿಂದ ದಿನಕ್ಕೆ ಅವರ ದನಿ ಉಡುಗುತ್ತಿತ್ತು. ಹೆಂಡತಿ ಹಾಸಿಗೆಯ ಪಕ್ಕ ಕೂತು, ಅವನು ಒಳಗೆ ಬಂದ ಕೂಡಲೇ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅವನು ಬಟ್ಟೆ ಬದಲಿಸದೆ ಮತ್ತೆ ವ್ಯಾನಿನ ಬಾನೆಟ್ಟು ಎತ್ತುತ್ತಿದ್ದ.

ಕೊನೆಗೆ ಒಂದು ಸಂಜೆ, ಪಿಸ್ಟನ್ನು ಹೋದರೆ ಹೋಗಲಿ ಎಂದು ಬೀದಿಯ ತಿರುವಿನಲ್ಲೇ ವ್ಯಾನು ನಿಲ್ಲಿಸಿ, ಬೋಲ್ಟು ಸಡಿಲಿಸಿ ಪಂಪನ್ನು ಇನ್ನಷ್ಟು ಹೊರಳಿಸಿ ಬಿಗಿದ. ತಿರುವಿನಿಂದ ಮನೆಯವರೆಗೆ ವ್ಯಾನು ಗಡಗಡ ನಡುಗುತ್ತ, ಕಪ್ಪು ಹೊಗೆ ಉಗುಳುತ್ತ ಬಂತು. ಕಿಟಕಿಯ ಕೆಳಗೆ ನಿಲ್ಲಿಸಿದಾಗ ಇಡೀ ಮೈ ಒದರಿಕೊಂಡಿತು. ಒಳಗೆ ಬಂದರೆ ಹೆಂಡತಿ ಎದ್ದು ನಿಂತಿದ್ದಳು.

"ಬಂದ್ರು" ಎಂದರು ಅತ್ತೆ. ಮಗಳ ಕಡೆ ತಿರುಗಿ, "ಅವರನ್ನ ಇಲ್ಲಿಗೆ ಕರಿ" ಎಂದರು.

ಹಾಗೆ ಅವರು ಎಂದೂ ಕರೆಸಿರಲಿಲ್ಲ. ಅಳಿಯ ಹೆಂಡತಿಯನ್ನು ನೋಡಿದ. ಅವಳು ಹೋಗಿ ಎಂದು ಕಣ್ಣಲ್ಲೇ ಹೇಳಿದಳು. ಅವನು ಹಾಸಿಗೆಯ ಅಂಚಿನಲ್ಲಿ ಕೂತ. ಅತ್ತೆ ಅವನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ಡೀಸೆಲಿನ ವಾಸನೆ ಬೇಕಾದಷ್ಟಿತ್ತು.

"ಯಾಕೆ ಇಷ್ಟು ದಿನ ಬರಲಿಲ್ಲ?"

ಮದುವೆಯಾದಾಗಿನಿಂದ ಅವರನ್ನು ನೀವು ಎಂದೇ ಮಾತಾಡಿಸಿದವನು ಅಳಿಯ. ನಾಲಿಗೆಯನ್ನು ಬಲವಂತವಾಗಿ ಹೊರಳಿಸಿ, "ಕೆಲಸ ಇತ್ತು ಕಣೇ" ಎಂದ.

"ಗಾಡಿ ಸದ್ದು ಸರಿಯಿಲ್ಲ."

"ಹೂಂ."

"ಅಳಿಯ ಕೈ ಹಾಕಿದಾನೆ ತಾನೇ?"

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಹೌದು" ಎಂದ ಅಳಿಯ.

"ನನಗೆ ಗೊತ್ತಾಯ್ತು ಬಿಡಿ. ಹುಡುಗ ಒಳ್ಳೆಯವನೇ. ನಮ್ಮ ಹುಡುಗೀನ ಚೆನ್ನಾಗಿ ನೋಡ್ಕೋತಾನೆ. ನನ್ನನ್ನೂ ಸೊಂಟ ನೋಯದ ಹಾಗೆ ಎತ್ತಿ ಕೂರಿಸ್ತಾನೆ." ಅತ್ತೆ ಉಸಿರೆಳೆದುಕೊಂಡರು. "ಆದ್ರೆ ರಿಪೇರಿ ಅಂತ ಅವನ ಕೈಗೆ ಏನೂ ಕೊಡಬೇಡಿ. ಈಗೇನೋ ನೀವಿದೀರಿ, ಸರಿ ಮಾಡ್ಕೋತೀರಿ. ನೀವಿಲ್ಲದ ಮೇಲೆ ಇವನು ಏನು ಮಾಡ್ತಾನೋ, ನನಗೆ ಅದೇ ಯೋಚನೆ."

"ನಾನೆಲ್ಲಿಗೆ ಹೋಗ್ತೀನಿ? ಊಟ ಮಾಡು" ಎಂದು ಅಳಿಯ ತುತ್ತು ಕಲಸಿ ಹಿಡಿದ. ಅತ್ತೆ ಬಾಯಿ ತೆರೆದರು. ಅಗಿದು, ನುಂಗಿ, "ನಾಳೆ ಅವನಿಗೆ ಎರಡು ಮಾತು ಬೈಯಿರಿ" ಎಂದರು.

"ಬೈತೀನಿ."

"ಜಾಸ್ತಿ ಬೇಡ. ಮನಸ್ಸಿಗೆ ಹಚ್ಕೋತಾನೆ, ಪಾಪ."

"ಆಯ್ತು" ಎಂದ ಅಳಿಯ, ಮುಂದಿನ ತುತ್ತು ಹಿಡಿದುಕೊಂಡು.