ದೊಡ್ಡತ್ತೆಯ ಅಭಿಪ್ರಾಯ ಕೇಳುವವರು

ನೆನೆದ ಅವರೆಕಾಳು ಹಿತುಕುತ್ತಾ ಕೂತಿದ್ದೆ, ಫೋನು ಹೊಡೆದುಕೊಂಡಿತು. ಬೆರಳೆಲ್ಲ ಸಿಪ್ಪೆ. ಕಿರುಬೆರಳಲ್ಲಿ ಸ್ಪೀಕರ್ ಒತ್ತಿ, "ಅತ್ತೆ, ನಿಮಗೇ!" ಎಂದು ಕೂಗಿದೆ. ಫೋನು ನನ್ನದು, ಕರೆಗಳೆಲ್ಲ ಅವರದು! ಈ ದೇಶದಲ್ಲಿ ಒಂದು ಸೋಪಿನ ಬಣ್ಣ ಬದಲಾಗಬೇಕಾದರೂ ರಾಮನಗರದ ನಮ್ಮ ದೊಡ್ಡತ್ತೆಯನ್ನು ಕೇಳಬೇಕು. ನಾನು ಹೇಳುವುದಲ್ಲ, ಅವರೇ ಹೇಳುವುದು.

ದೊಡ್ಡತ್ತೆ ನಮ್ಮ ಯಜಮಾನರ ಸೋದರತ್ತೆ. ಸಾತನೂರಿನ ಹತ್ತಿರ ರೇಷ್ಮೆಹುಳು ಸಾಕಿ, ಇಲ್ಲಿನ ಮಾರ್ಕೆಟ್ಟಿಗೆ ಗೂಡು ತಂದು ಹರಾಜಿನಲ್ಲಿ ಮಾರಿ ಬದುಕಿದವರು. ಕಾಲಿನ ಮಂಡಿ ಕೈಕೊಟ್ಟ ಮೇಲೆ ನಮ್ಮಲ್ಲಿದ್ದಾರೆ. ಹೀಗಿರುವಾಗ ಒಂದು ದಿನ ಸರ್ವೆ ಹುಡುಗಿಯೊಬ್ಬಳು ಬಿಸ್ಕತ್ತು ಹಿಡಿದು ಬಾಗಿಲಿಗೆ ಬಂದಳು. "ಅಜ್ಜಿ, ತಿಂದು ನೋಡಿ. ಹತ್ತಕ್ಕೆ ಎಷ್ಟು ಕೊಡ್ತೀರಿ?"

ದೊಡ್ಡತ್ತೆ ತಿನ್ನುವ ಮೊದಲು ಪೊಟ್ಟಣವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳ್ಳೆಯ ಗೂಡಾದರೆ ಒಳಗಿನ ಹುಳು ಲೊಟಲೊಟ ಅನ್ನಬೇಕು. ಬಿಸ್ಕತ್ತು ಏನನ್ನಬೇಕು?

"ಮೂರು."

"ಇಷ್ಟ ಆಗ್ಲಿಲ್ವಾ ಅಜ್ಜಿ?"

"ಚೆಂದಾಗೈತೆ ಕಣವ್ವ. ಹಂಗಂತ ಮೊದಲ್ನೇ ಕೂಗಿಗೇ ಹತ್ತು ಅಂದ್ಬುಟ್ರೆ ಅದನ್ನ ಹರಾಜು ಅಂತಾರಾ? ನೀನೂ ಒಸಿ ಏರ್ಸು."

"ಇದು ಹರಾಜಲ್ಲ ಅಜ್ಜಿ!"

"ಆಯ್ತು, ಬಿಸಿಲಲ್ಲಿ ಬಂದಿದ್ದೀಯ. ಐದು."

ಹುಡುಗಿ ಮಜ್ಜಿಗೆ ಕುಡಿದು ಮುಗಿಸುವ ಹೊತ್ತಿಗೆ ಏಳಕ್ಕೆ ಕುದುರಿತು! ರಾಮನಗರದವರಿಗೆ ಆ ಬಿಸ್ಕತ್ತು ಏಳರಷ್ಟು ಇಷ್ಟವೆಂದು ಯಾರೋ ದೊಡ್ಡವರು ಇವತ್ತಿಗೂ ನಂಬಿಕೊಂಡಿರಬೇಕು, ಪಾಪ.

ಆ ಹುಡುಗಿ ನಂಬರು ಬರೆದುಕೊಂಡು ಹೋದಳು. ಅಲ್ಲಿಂದ ಫೋನು ಶುರುವಾಯಿತು. "ನಿಮ್ಮ ಮನೆಗೆ ಯಾವ ಎಣ್ಣೆ ಅಂತ ತೀರ್ಮಾನ ಮಾಡೋರು ಯಾರು?" "ನಾನೇ!" ಅಡುಗೆಮನೆಯಲ್ಲಿ ನನ್ನ ಕೈಯಿಂದ ಸೌಟು ಜಾರಿತು. ಇನ್ನೊಮ್ಮೆ, "ಯಾವ ವಾಷಿಂಗ್ ಮೆಷಿನ್ ಬಳಸ್ತೀರಿ?" ದೊಡ್ಡತ್ತೆ ಬಟ್ಟೆ ಹಿಂಡುತ್ತಿದ್ದ ನನ್ನನ್ನು ಒಮ್ಮೆ ನೋಡಿ, "ಹಳೇದು. ಆದ್ರೂ ಒಂದಿನ ಕೆಟ್ಟಿಲ್ಲ" ಎಂದರು! ದೇವರ ದಯೆ, ಅದಂತೂ ನಿಜ.

ನಕ್ಕೆ. ಆದರೂ ಒಂದು ಮಾತು. ಮನೆಯಲ್ಲಿ ನಾವೆಲ್ಲ ಅವರಿಗೆ ಹೊತ್ತಿಗೆ ತಟ್ಟೆ ಕೊಡುತ್ತೇವೆ, ಮಾತ್ರೆ ಕೊಡುತ್ತೇವೆ. ಪ್ರಶ್ನೆ ಯಾರು ಕೊಡುತ್ತಾರೆ?

ಅವರೆಕಾಳಿನ ಆ ದಿನವೂ ಎಂದಿನಂತೆ ಮೊದಲು ವಯಸ್ಸು ಕೇಳಿದರು. ದೊಡ್ಡತ್ತೆ ಯಾವಾಗಲೂ ಐವತ್ತೊಂಬತ್ತು ಎನ್ನುವವರು. ಆವತ್ತು ಸೋಮವಾರ, ಹಣೆಯ ಮೇಲೆ ವಿಭೂತಿ. ಶಿವನ ಮುಂದೆ ಸುಳ್ಳಾಡಲು ಬಾಯಿ ಬರಲಿಲ್ಲ.

"ಎಪ್ಪತ್ತಾರವ್ವ."

ಆ ಕಡೆ ಕೀಲಿಮಣೆ ಟಕಟಕ ಅಂದಿತು. "ಸಾರಿ ಅಮ್ಮ, ನಮಗೆ ಅರವತ್ತರ ಒಳಗಿನವರ ಅಭಿಪ್ರಾಯ ಮಾತ್ರ ಬೇಕು. ನಿಮ್ಮ ನಂಬರ್ ತೆಗೆದುಬಿಡ್ತೀನಿ."

"ಇನ್ಮೇಲೆ ಫೋನು ಮಾಡಕ್ಕಿಲ್ವಾ?"

"ಇಲ್ಲಮ್ಮ."

"ಒಂದ್ನಿಮ್ಸ ಇರವ್ವ, ಹತ್ತಕ್ಕೆ ಹತ್ತೂ ಕೊಟ್ಬುಡ್ತೀನಿ..."

ಫೋನು ಕಟ್ಟಾಗಿತ್ತು.

ದೊಡ್ಡತ್ತೆ ಬಂದು ನನ್ನೆದುರು ಕೂತು ತಲೆ ತಗ್ಗಿಸಿ ಕಾಳು ಹಿತುಕತೊಡಗಿದರು. ನೋಡಲಾರದೆ ಕೇಳಿದೆ, "ಅತ್ತೆ, ಸಾರಿಗೆ ಸಬ್ಬಸಿಗೆ ಸೊಪ್ಪು ಹಾಕಲಾ, ಬೇಡವಾ?"

ಅವರು ತಲೆಯೆತ್ತಿದರು. ಬಹಳ ಯೋಚಿಸಿದರು. "ಹಾಕು." ಆಮೇಲೆ, "ನಿಂಗೆ?"

"ನಂಗೇನತ್ತೆ?"

"ನಿಂಗ್ಯಾವ್ದಿಷ್ಟ, ಅಂದೆ."

ಈ ಮನೆಗೆ ಸೊಸೆಯಾಗಿ ಬಂದು ಎಷ್ಟು ಸಾರು ಕುದಿಸಿದ್ದೇನೋ! ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರಕ್ಕೆ ಒಳಗೆಲ್ಲ ತಡಕಾಡಿದೆ, ಕೈಗೆ ಸಿಗಲಿಲ್ಲ.

"ನಿಧಾನಕ್ಕೆ ಹೇಳು," ಎಂದರು ದೊಡ್ಡತ್ತೆ, ಕೈಯೊರೆಸಿಕೊಂಡು ನನ್ನ ಕಡೆ ತಿರುಗಿ ಕೂತು. "ನಂಗೇನು, ಕಾಯ್ತೀನಿ."

ಕಣ್ಣು ತುಂಬಿ ಏನೂ ಕಾಣದಂತಾಯಿತು. ಮುದ್ದೆಗೆ ಎಸರಿಡಲು ಎದ್ದೆ.